ಅನಕ್ಲೇತುವಿಗೆ ನೀರುಳಿತಾಯದ ಫಲಕ ಸಿಕ್ಕಿದ್ದು

ನಮ್ಮ ಊರು ರಿಬೈರ ಮೂದ, ಅಂದರೆ ಮೂಗಿ ಹೊಳೆ. ನೀರು ಹರಿದರೆ ತಾನೇ ಹೊಳೆಗೆ ಮಾತು? ಹೆಸರಿಟ್ಟ ಹಿರಿಯರು ಜಾಣರು, ಮುಂದೆ ಯಾರೂ ಬಂದು ನೀರು ಕೇಳದಿರಲಿ ಎಂದು ಮೊದಲೇ ಎಚ್ಚರಿಕೆ ಕೊಟ್ಟುಬಿಟ್ಟಿದ್ದಾರೆ. ಇಂಥ ಊರಿನಲ್ಲಿ ನೀರು ಉಳಿಸಿದ್ದಕ್ಕೆ ಫಲಕ ಪಡೆದ ಮಹಾನುಭಾವನೊಬ್ಬನಿದ್ದಾನೆ. ಅವನ ಚರಿತ್ರೆಯನ್ನು ನಾನೇ ಹೇಳಬೇಕು. ಅವನು ಉಳಿಸಿದ ನೀರೆಲ್ಲ ನನ್ನ ನಲ್ಲಿಯಿಂದಲೇ ಹೋದದ್ದು.

ನಾನು ಬಲ್ಬೀನ. ಚೌಕದ ಮೂಲೆಯಲ್ಲಿ ನೀಲಿ ಬಾಗಿಲಿನ ಹೋಟೆಲು ಇದೆಯಲ್ಲ, ಅದು ನನ್ನದು. ಕೆಳಗೆ ನಾಲ್ಕು ಮೇಜು, ಹಿಂದೆ ಅಡುಗೆಮನೆ, ಅದರ ಹಿಂದೆ ಅಂಗಳ, ಅಂಗಳದ ಬೇಲಿಗೆ ತಾಗಿ ಒಂದು ಹಳೆಯ ಕಾರ್ಕ್ ಮರ. ಮಹಡಿಯಲ್ಲಿ ನನ್ನ ಕೋಣೆ, ಬಾಡಿಗೆಗೆ ಇನ್ನೊಂದು. ನನ್ನ ಕೈಯ ಅಸೋರ್ದ ತಿನ್ನಲು ಪೇಟೆಯಿಂದಲೂ ಜನ ಬರುತ್ತಾರೆ. ಅದೇನು ಮಹಾ ಅಡುಗೆಯಲ್ಲ. ಒಣಗಿದ ಬ್ರೆಡ್ಡು, ಜಜ್ಜಿದ ಬೆಳ್ಳುಳ್ಳಿ, ಕೊತ್ತಂಬರಿ, ಆಲಿವ್ ಎಣ್ಣೆ, ಮೇಲೆ ಕುದಿಯುವ ನೀರು, ಅದರ ಮೇಲೊಂದು ಮೊಟ್ಟೆ. ಬ್ರೆಡ್ಡು ಹಳೆಯದಾದರೂ ನಡೆಯುತ್ತದೆ, ನೀರಿಲ್ಲದಿದ್ದರೆ ಮಾತ್ರ ಅಸೋರ್ದವೇ ಇಲ್ಲ.

ಇನ್ನು ನಮ್ಮ ಅನಕ್ಲೇತು. ಅರವತ್ತು ದಾಟಿದವನು. ಕಾರ್ಕ್ ಮರದ ತೊಗಟೆ ಸುಲಿಯುವುದು ಅವನ ಕಸುಬು. ಜನ ಬಾಟಲಿಯಿಂದ ‘ಟಪ್’ ಎಂದು ಕಿತ್ತೆಸೆಯುವ ಬಿರಡೆಯಿದೆಯಲ್ಲ, ಅದು ನಮ್ಮ ಗುಡ್ಡದ ಮರಗಳ ಚರ್ಮ. ಒಮ್ಮೆ ಸುಲಿದ ಮರವನ್ನು ಒಂಬತ್ತು ವರ್ಷ ಮುಟ್ಟುವಂತಿಲ್ಲ. ಅದಕ್ಕೇ ಸುಲಿದ ಕೂಡಲೇ ಬೋಳು ಕಾಂಡದ ಮೇಲೆ ಆ ವರ್ಷದ ಕೊನೆಯ ಅಂಕಿಯನ್ನು ಬಿಳಿ ಬಣ್ಣದಲ್ಲಿ ಬರೆಯುತ್ತಾರೆ. ನಮ್ಮ ಊರಿನ ಮಕ್ಕಳು ಅಂಕಿ ಕಲಿಯುವುದೇ ಮರ ನೋಡಿ. ಮೂರು ಎಂದು ಬರೆದಿದ್ದರೆ, ಕೊನೆಗೆ ಮೂರು ಇದ್ದ ವರ್ಷ ಸುಲಿದದ್ದು, ಇನ್ನು ಎರಡರ ವರ್ಷಕ್ಕೇ ಕೈ ಹಾಕಬೇಕು. ನಾನು ಹೇಳುತ್ತಿರುವುದು ಅಂಥ ಎರಡರ ವರ್ಷದ ಕಥೆ.

ನಮ್ಮಲ್ಲಿ ಅಡ್ಡಹೆಸರಿಲ್ಲದವನು ಹುಟ್ಟಿಯೇ ಇಲ್ಲ. ಅನಕ್ಲೇತುವಿಗೆ ‘ಸೇಕು’ ಎಂದು ಇಟ್ಟಿದ್ದರು, ಅಂದರೆ ಒಣಕಲ. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಅನ್ನುತ್ತಾರಲ್ಲ, ಇವನು ತೊಳೆದ ಕೈಯಲ್ಲೂ ಓಡಿಸುವವನಲ್ಲ. ‘ಹುಶ್’ ಅಂದರೆ ಒಂದು ಮಾತು ಖರ್ಚಾಯಿತಲ್ಲ! ದಾರಿಯಲ್ಲಿ ಯಾರಾದರೂ ಚೆನ್ನಾಗಿದ್ದೀಯಾ ಅಂದರೆ ಟೋಪಿ ಮುಟ್ಟುತ್ತಾನೆ. ಒಂದು ಈಸ್ಟರಿನಲ್ಲಿ ಪಾಪನಿವೇದನೆಗೆ ಹೋದಾಗ ಪಾದ್ರಿಗಳು, ‘ಹೇಳಪ್ಪಾ, ಏನೇನು ಪಾಪ ಮಾಡಿದ್ದೀಯ?’ ಎಂದರಂತೆ. ಇವನು ‘ಹಳೇವೇ’ ಎಂದು ಎದ್ದು ಬಂದನಂತೆ. ಶನಿವಾರ ಗಂಡಸರೆಲ್ಲ ನನ್ನ ಹೋಟೆಲಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಧಾನವಾಗಿ ಹಾಡುತ್ತಾರೆ. ಆಗ ಇವನೂ ಬಾಯಿ ತೆಗೆಯುತ್ತಾನೆ, ಆದರೆ ಇನ್ನೊಬ್ಬರು ಎತ್ತಿಕೊಟ್ಟ ಮೇಲೆ.

ತೊಗಟೆ ಸುಲಿಯುವವರದು ಜೋಡಿ ಕೆಲಸ. ಒಬ್ಬ ಮರದ ಮೇಲೆ, ಒಬ್ಬ ಬುಡದಲ್ಲಿ. ಅನಕ್ಲೇತುವಿನ ಜೋಡಿ ನನ್ನ ಗಂಡ ಜುವೆನಾಲ್. ನನ್ನವನು ಇಬ್ಬರ ಪಾಲಿನ ಮಾತನ್ನೂ ಒಬ್ಬನೇ ಆಡುತ್ತಿದ್ದ, ಇವನು ಕೇಳುತ್ತಿದ್ದ, ಕೊಡಲಿಗಳು ತಾಳ ಹಾಕುತ್ತಿದ್ದವು. ಒಂದು ಚಳಿಗಾಲ ಎದೆನೋವೆಂದು ಮಲಗಿದ ಜುವೆನಾಲ್ ಏಳಲಿಲ್ಲ. ಮಣ್ಣು ಮಾಡಿದ ಮಾರನೆಯ ದಿನ ಅನಕ್ಲೇತು ಒಂದು ಹೊರೆ ಸೌದೆ ತಂದು ಅಂಗಳದಲ್ಲಿ ಒಟ್ಟಿದ. ನಾನು ಅಸೋರ್ದ ಬಡಿಸಿದೆ. ತಿಂದ, ಟೋಪಿ ಮುಟ್ಟಿದ, ಹೋದ. ಮರುದಿನ ಸಂಜೆಯೂ ಬಂದ. ಹೀಗೆ ಬರುತ್ತ ಬರುತ್ತ ಹದಿನೇಳು ವರ್ಷವಾಯಿತು. ಬೇರೆ ಜೋಡಿಯನ್ನು ಅವನು ಕಟ್ಟಿಕೊಳ್ಳಲೇ ಇಲ್ಲ, ಒಬ್ಬನೇ ಏಣಿ ಹತ್ತಿ ಇಳಿದು ಸುಲಿಯುತ್ತಿದ್ದ.

ಬರುವವನು ಸುಮ್ಮನೆ ಬರುತ್ತಿದ್ದನೇ? ಕಾರ್ಕಿನ ಧೂಳು ಮೆತ್ತಿದ ಅಂಗಿ ನನ್ನ ತೊಟ್ಟಿಯಲ್ಲಿ ನೆನೆಯುತ್ತಿತ್ತು. ಅಂಗಳದ ಮರದ ಕೆಳಗೆ ನನ್ನ ಕೊಳವೆಯ ನೀರಿನಲ್ಲಿ ಸ್ನಾನ. ಊಟ ನನ್ನಲ್ಲಿ. ಮನೆಗೆ ಹೋಗುವಾಗ ಕೈಯಲ್ಲಿ ಒಂದು ಹೂಜಿ, ಅದರಲ್ಲೂ ನನ್ನ ನೀರೇ. ಅವನ ಮನೆಯ ನಲ್ಲಿಗೆ ಜೇಡ ಬಲೆ ಕಟ್ಟಿತ್ತು. ಊರಿಗೆ ಇದೆಲ್ಲ ಗೊತ್ತಿತ್ತು, ಆದರೆ ಗೊತ್ತಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ.

ನಿಮ್ಮಿಬ್ಬರ ಮಧ್ಯೆ ಏನಿತ್ತು ಎಂದು ಕೇಳಿದರೆ, ಸಂಜೆ ಇತ್ತು ಅನ್ನಬೇಕು. ಅವನು ಮೂಲೆಯ ಮೇಜಿನಲ್ಲಿ, ನಾನು ಒಲೆಯ ಹತ್ತಿರ. ಒಂದು ಮಾತು ಅವನು ಆಡಲಿ ಎಂದು ನಾನು ಕಾಯುತ್ತಿದ್ದೆ. ಹೌದು, ಕಾಯುತ್ತಿದ್ದೆ. ಈ ವಯಸ್ಸಿನಲ್ಲಿ ಹೇಳಲು ನನಗೇನು ನಾಚಿಕೆ? ಸತ್ತ ಗೆಳೆಯನ ಹೆಂಡತಿ ಎಂಬ ಸಂಕೋಚ ಇರಬಹುದು ಅಂದುಕೊಂಡು ಮೊದಮೊದಲು ಸುಮ್ಮನಿದ್ದೆ. ಆಮೇಲೆ ಸಿಟ್ಟು ಬರತೊಡಗಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆ ಗಾದೆಯನ್ನು ಇವನಷ್ಟು ಗಟ್ಟಿಯಾಗಿ ಹಿಡಿದುಕೊಂಡ ಪ್ರಾಣಿ ಇನ್ನೊಂದಿಲ್ಲ.

ಆ ವರ್ಷ ಚಳಿಗಾಲದ ಮಳೆ ಬರಲೇ ಇಲ್ಲ. ಬೇಸಿಗೆ ಕಾಲಿಡುವ ಹೊತ್ತಿಗೆ ನಲ್ಲಿಗಳು ಕೆಮ್ಮಿ ನಿಂತವು. ಪೇಟೆಯಿಂದ ದಿನಾ ಬೆಳಿಗ್ಗೆ ಎವರಿಸ್ತು ಟ್ಯಾಂಕರು ತರುತ್ತಿದ್ದ. ನಮ್ಮ ಪಂಚಾಯ್ತಿ ಅಧ್ಯಕ್ಷ ಪೊಲಿಕಾರ್ಪುವಿಗೆ ವ್ಯವಸ್ಥೆ ಅಂದರೆ ಪ್ರಾಣ. ತಲೆಗಿಷ್ಟು ಕ್ಯಾನು ನೀರು, ಪ್ರತಿ ಬಾಗಿಲಿನ ಮೇಲೂ ಮನೆಯಲ್ಲಿ ಎಷ್ಟು ತಲೆ ಎಂದು ದೊಡ್ಡದಾಗಿ ಬರೆದಿರಬೇಕು, ಎವರಿಸ್ತು ಗಾಡಿಯಿಂದ ಇಳಿಯದೆ ಓದುವಂತಿರಬೇಕು ಎಂದು ಅಪ್ಪಣೆ ಮಾಡಿದ. ನನ್ನ ಹೋಟೆಲಿಗೆಂದು ಸ್ವಲ್ಪ ಹೆಚ್ಚಿಗೆ. ಬರೆಯುವವರು ಯಾರು? ಬಿಳಿ ಬಣ್ಣದ ಡಬ್ಬಿ, ಕುಂಚ, ಅಂಕಿ ಬರೆದು ಪಳಗಿದ ಕೈ, ಮೂರೂ ಇದ್ದವನು ಊರಿಗೆಲ್ಲ ಒಬ್ಬನೇ.

ಅನಕ್ಲೇತು ಬೀದಿಯ ತುದಿಯಿಂದ ಬರೆದುಕೊಂಡು ಬಂದ. ನನ್ನ ಬಾಗಿಲ ಮುಂದೆ ಕುಂಚ ಎತ್ತಿ ನಿಂತ. ಎಷ್ಟೋ ಹೊತ್ತು ನಿಂತ. ಬಣ್ಣ ಹನಿಹನಿಯಾಗಿ ಅವನ ಬೂಟಿನ ಮೇಲೆ ಬೀಳುತ್ತಿತ್ತು. ನಾನು ಒಳಗಿನಿಂದ ನೋಡುತ್ತಿದ್ದೆ.

ಚೌಕದ ಬೆಂಚಿನಿಂದ ಕ್ಷೌರದ ತೊರ್ಕಾತು ಕೂಗಿದ: ‘ಯಾಕೋ ಸೇಕು, ಒಂದಕ್ಕೆ ಎಷ್ಟು ಸೊನ್ನೆ ಅಂತ ಯೋಚನೆ ಮಾಡ್ತಿದ್ದೀಯಾ?’

ಅವನು ಮೇಲಿಂದ ಕೆಳಗೆ ಒಂದು ಗೆರೆ ಎಳೆದ. ಒಂದು. ಆಮೇಲೆ ತನ್ನ ಮನೆಗೆ ಹೋಗಿ ಅಲ್ಲೂ ಒಂದು ಬರೆದುಕೊಂಡ. ಆ ಸಂಜೆ ನನ್ನ ಅಸೋರ್ದಕ್ಕೆ ಉಪ್ಪು ಜಾಸ್ತಿ ಬಿದ್ದಿತ್ತು, ಅವನು ಅದನ್ನೂ ಹೇಳದೆ ತಿಂದ.

ಆಗ ನನ್ನ ಮಹಡಿಯ ಕೋಣೆಯಲ್ಲಿ ಬೆನೆದೀತ ಎಂಬ ಡಾಕ್ಟರಮ್ಮ ಇದ್ದಳು. ಬಾಡಿಗೆಯವಳಾದ್ದರಿಂದ ಅವಳ ತಲೆ ಬಾಗಿಲ ಲೆಕ್ಕಕ್ಕಿಲ್ಲ, ಹೋಟೆಲಿನ ಹೆಚ್ಚುವರಿಗೆ ಸೇರಿತ್ತು. ಮನುಷ್ಯರ ಡಾಕ್ಟರಲ್ಲ, ಕಾಡಿನ ಡಾಕ್ಟರು. ಗುಡ್ಡದಲ್ಲಿ ಕಬ್ಬಿಣದ ಗೋಪುರ ನಿಲ್ಲಿಸಿ ಮರಗಳ ಉಸಿರು ಅಳೆಯುತ್ತಿದ್ದಳು. ಚೆನ್ನಾಗಿ ಉಣ್ಣುವ, ಜೋರಾಗಿ ನಗುವ ಹುಡುಗಿ. ಒಂದು ಸಂಜೆ ಪೊಲಿಕಾರ್ಪು ವೈನು ಕುಡಿಯುತ್ತ ಅವಳನ್ನು ಕೇಳಿದ: ‘ಏನಮ್ಮಾ ಡಾಕ್ಟರಮ್ಮ, ನಮ್ಮ ಮರಗಳು ಏನಂತಾವೆ?’

‘ಎಲೆ ಮೈಯೆಲ್ಲ ಸಣ್ಣ ಸಣ್ಣ ಬಾಯಿ ಇರುತ್ತೆ, ಅಧ್ಯಕ್ಷರೇ,’ ಅಂದಳು ಬೆನೆದೀತ. ‘ಗಾಳಿ ತಿನ್ನೋಕೆ ಅಂತ ಬಾಯಿ ತೆಗೆದ್ರೆ ಒಳಗಿನ ನೀರು ಆವಿಯಾಗಿ ಹೋಗುತ್ತೆ. ತಿನ್ನಬೇಕಾದ್ರೆ ನೀರು ಕಳ್ಕೋಬೇಕು, ಬೇರೆ ದಾರಿ ಇಲ್ಲ. ಒಂದು ಲೋಟ ನೀರು ಕಳ್ಕೊಂಡು ಮರ ಎಷ್ಟು ಮೈ ಕಟ್ಕೊಳ್ತು ಅನ್ನೋದನ್ನ ನಾನು ಅಳೀತೀನಿ.’

‘ಈ ವರ್ಷ ಹೆಂಗೆ?’

‘ಈ ವರ್ಷ ಅಂಕ ಭಾರಿ ಚೆನ್ನಾಗಿದೆ. ಬೇರಿಗೆ ತೇವ ಇಲ್ಲ, ಗಾಳಿಗೂ ಬಾಯಾರಿಕೆ. ಅದಕ್ಕೆ ಮರಗಳು ಬೆಳಿಗ್ಗೆ ತಂಪಿನಲ್ಲಿ ಸ್ವಲ್ಪ ಬಾಯಿ ತೆಗೆದು, ಬಿಸಿಲೇರೋದ್ರೊಳಗೆ ಮುಚ್ಚಿಬಿಡ್ತಾವೆ. ಲೋಟದ ಲೆಕ್ಕದಲ್ಲಿ ನೋಡಿದ್ರೆ ಮಳೆ ಬಂದ ವರ್ಷಕ್ಕಿಂತ ಮಿತವ್ಯಯ.’

ಪೊಲಿಕಾರ್ಪು ಮೇಜು ಗುದ್ದಿದ. ‘ಕೇಳಿದ್ರೇನ್ರಯ್ಯಾ! ನಮ್ಮ ಮರಕ್ಕಿರೋ ಬುದ್ಧಿ ನಮ್ಮ ಜನಕ್ಕಿಲ್ಲ!’

‘ಪೂರ್ತಿ ಕೇಳಿ. ಚೆನ್ನಾಗಿರೋದು ಅಂಕ, ಮರ ಅಲ್ಲ. ಬಾಯಿ ಮುಚ್ಕೊಂಡ್ರೆ ನೀರು ಉಳಿಯುತ್ತೆ, ಊಟ ನಿಲ್ಲುತ್ತೆ. ಕೂಡಿಟ್ಟಿದ್ದನ್ನ ಕರಗಿಸ್ಕೊಂಡು ಎಷ್ಟು ದಿನ? ಇನ್ನೂ ಒಣಗಿದ್ರೆ ಆ ಅಂಕನೂ ಬಿದ್ದುಹೋಗುತ್ತೆ. ಅಷ್ಟೊತ್ತಿಗೆ ಮರ ಕೈ ತಪ್ಪಿರುತ್ತೆ.’

ಪೊಲಿಕಾರ್ಪುವಿನ ಕಿವಿಯಲ್ಲಿ ಮೊದಲಿನ ಅರ್ಧ ಆಗಲೇ ಗೂಡು ಕಟ್ಟಿಯಾಗಿತ್ತು, ಉಳಿದರ್ಧಕ್ಕೆ ಜಾಗವಿರಲಿಲ್ಲ. ನಾನು ಮಾತ್ರ ಪೂರ್ತಿ ಕೇಳಿದೆ. ಕೇಳುತ್ತ ಮೂಲೆಯ ಮೇಜಿನ ಕಡೆ ನೋಡಿದೆ. ಅಲ್ಲಿ ಅನಕ್ಲೇತು ಬಾಯಿ ಮುಚ್ಚಿಕೊಂಡು ಕೂತಿದ್ದ. ಇವನ ಅಂಕವೂ ಭಾರಿ ಚೆನ್ನಾಗಿಯೇ ಇರಬೇಕು ಅಂದುಕೊಂಡೆ.

ಸುಲಿಯುವ ಕಾಲ ಬಂತು. ಮಧ್ಯಾಹ್ನದ ಬುತ್ತಿ ಹೊತ್ತು ನಾನೂ ಗುಡ್ಡಕ್ಕೆ ಹೋದೆ. ನಮ್ಮ ಕಸುಬಿನಲ್ಲಿ ಒಂದೇ ಮುಖ್ಯ ಮಾತು: ಮರ ಕೊಡುತ್ತದೋ, ಕೊಡುವುದಿಲ್ಲವೋ. ಒಳಗೆ ರಸ ಓಡುತ್ತಿದ್ದರೆ ತೊಗಟೆ ತಾನೇ ಬಿಟ್ಟುಕೊಳ್ಳುತ್ತದೆ, ಆಗ ‘ಕೊಡ್ತಾ ಇದೆ’ ಅನ್ನುತ್ತಾರೆ. ಒಳಗೆ ಒಣಗಿದ್ದರೆ ಕಚ್ಚಿ ಹಿಡಿಯುತ್ತದೆ. ಕೈಯಲ್ಲಿ ಕೊಡಲಿ ಇದ್ದರಾಯಿತೇ, ಮರ ಕೊಡಬೇಕಲ್ಲ! ಹಟ ಹಿಡಿದು ಎಳೆದರೆ ತೊಗಟೆಯ ಕೆಳಗಿನ ಹಸಿ ಪದರ ಹರಿದು ಬರುತ್ತದೆ. ಆ ಪದರಕ್ಕೆ ನಾವು ತಾಯಿ ಅನ್ನುತ್ತೇವೆ. ತಾಯಿ ಹರಿದರೆ ಆ ಜಾಗದಲ್ಲಿ ಮತ್ತೆ ಕಾರ್ಕು ಹುಟ್ಟುವುದಿಲ್ಲ.

ಅನಕ್ಲೇತು ಒಂದು ಮರಕ್ಕೆ ಮೆಲ್ಲಗೆ ಕೊಡಲಿ ಹಾಕಿ, ಹಿಡಿಯನ್ನು ತಿರುವಿ, ಕಿವಿಗೊಟ್ಟ. ಇನ್ನೊಂದಕ್ಕೆ ಹಾಕಿದ. ಮತ್ತೊಂದಕ್ಕೆ. ‘ಕೊಡಲ್ಲ,’ ಎಂದ. ಮೇಸ್ತ್ರಿ, ‘ಸ್ವಲ್ಪ ಜೋರಾಗಿ ಎಳೆದು ನೋಡಯ್ಯ,’ ಅಂದದ್ದಕ್ಕೆ ಕೊಡಲಿಯನ್ನು ಹೆಗಲಿಗೇರಿಸಿ ಇಳಿದು ಹೊರಟೇಬಿಟ್ಟ. ಉಳಿದವರೂ ಹಿಂದೆ ಇಳಿದರು. ಆ ವರ್ಷ ಗುಡ್ಡದ ಕೆಲಸ ಅಲ್ಲಿಗೇ ನಿಂತಿತು.

ಆದರೆ ನನ್ನ ಅಂಗಳದ ಮರ ಕೊಟ್ಟಿತು. ಅದರ ಕಾಂಡದ ಮೇಲೆ ಹಳೆಯ ಮೂರು ಇತ್ತು, ಸರದಿ ಬಂದಿತ್ತು. ಅನಕ್ಲೇತು ಕೊಡಲಿ ಹಾಕಿ ತಿರುವಿದ್ದೇ ತಡ, ಒದ್ದೆ ಸದ್ದು ಮಾಡಿ ಹಲಗೆ ಹಲಗೆಯಾಗಿ ಬಿಟ್ಟುಕೊಂಡಿತು. ಒಳಗಿನ ತಾಯಿ ಕೆಂಪಗೆ, ನೀರಾಡುತ್ತ, ಒಂದು ಗಾಯವಿಲ್ಲದೆ ನಿಂತಿದ್ದಳು. ಅವನು ಅಂಗೈಯಿಟ್ಟು ನೋಡಿ, ಬಿಳಿ ಬಣ್ಣದಲ್ಲಿ ಎರಡು ಎಂದು ಬರೆದ. ಅವನ ಮುಖದಲ್ಲಿ ನಗೆಯಂಥದ್ದೇನೋ ಬಂದುಹೋಯಿತು. ಜುವೆನಾಲ್ ಹೋದ ಮೇಲೆ ನಾನದನ್ನು ನೋಡಿರಲಿಲ್ಲ.

ಬೆನೆದೀತ ಸುಮ್ಮನಿರುತ್ತಾಳೆಯೇ? ಯಂತ್ರಗಳನ್ನು ತಂದು ಆ ಮರದ ಎಲೆಗಳಿಗೆ ಕಚ್ಚಿಸಿದಳು. ಸಂಜೆ ಅಡುಗೆಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಬಲ್ಬೀನಕ್ಕ, ಇಡೀ ಸೀಮೆಯಲ್ಲಿ ನಿಮ್ಮ ಮರದಷ್ಟು ದುಂದುಗಾರ ಮರ ಇನ್ನೊಂದಿಲ್ಲ! ಸುಡುಬಿಸಿಲಲ್ಲೂ ಬಾಯಿ ತೆಕ್ಕೊಂಡೇ ಇರುತ್ತೆ. ಮಿತವ್ಯಯದಲ್ಲಿ ಕಟ್ಟಕಡೆ.’

‘ಅಯ್ಯೋ, ಹಂಗಾದ್ರೆ ಸಾಯುತ್ತೇನಮ್ಮ?’

‘ಸಾಯೋದಾ? ಇಲ್ಲಿರೋ ಮರಗಳಲ್ಲಿ ಆರೋಗ್ಯವಾಗಿರೋದು ಅದೊಂದೇ. ಅದರ ಬುಡಕ್ಕೆ ಯಾರೋ ದಿನಾ ನೀರು ಬಿಡ್ತಾ ಇದ್ದಾರೆ. ಯಾರು ಅಕ್ಕಾ?’

ನಾನು ಬೆಳ್ಳುಳ್ಳಿ ಜಜ್ಜುವುದನ್ನು ಜೋರು ಮಾಡಿದೆ. ಹದಿನೇಳು ವರ್ಷದ ಸ್ನಾನದ ನೀರು ಎಂದು ಹೇಗೆ ಹೇಳಲಿ? ಅವಳು ಅಂಗಳದಲ್ಲಿ ಒಣಗುತ್ತಿದ್ದ ಗಂಡಸಿನ ಅಂಗಿಗಳನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕೇಳಲಿಲ್ಲ.

ಅಷ್ಟರಲ್ಲಿ ಪೊಲಿಕಾರ್ಪುವಿನ ತಲೆಯೊಳಗೆ ಕಟ್ಟಿದ ಗೂಡಿನಿಂದ ಮರಿ ಹೊರಬಂತು. ಒಂದು ಸಂಜೆ ಹೋಟೆಲಿನ ನಡುವೆ ನಿಂತು ಘೋಷಣೆ ಮಾಡಿದ. ಮೀಟರುಗಳ ಲೆಕ್ಕ ತೆಗೆಸಿದ್ದೇನೆ, ಊರಿನಲ್ಲಿ ಅತಿ ಕಡಿಮೆ ನೀರು ಬಳಸಿದ ಮನೆಗೆ ಭಾನುವಾರ ಪೂಜೆ ಮುಗಿದ ಮೇಲೆ ಚೌಕದಲ್ಲಿ ಫಲಕ ಕೊಡುತ್ತೇನೆ ಎಂದ. ‘ಯಾರು ಗೊತ್ತೇನ್ರಯ್ಯಾ? ನಮ್ಮ ಅನಕ್ಲೇತು! ವರ್ಷಗಟ್ಟಲೆ ಮೀಟರು ಮಿಸುಕಾಡಿಲ್ಲ! ಇಂಥವರಿಂದ ಊರು ಉಳಿಯೋದು!’

ಹಗಲೆಲ್ಲ ಚೌಕದ ಬೆಂಚಿನಲ್ಲಿ ಕೂರುವ ಮುದುಕರು ತಮ್ಮ ತಮ್ಮ ಲೋಟದೊಳಗೆ ನೋಡತೊಡಗಿದರು. ತೊರ್ಕಾತುವಿಗೆ ವೈನು ನೆತ್ತಿಗೇರಿ ಕೆಮ್ಮು ಬಂತು.

‘ಇನ್ನು ದುಂದು ಮಾಡೋರು,’ ಪೊಲಿಕಾರ್ಪು ನನ್ನ ಕಡೆ ತಿರುಗಿ ದನಿ ತಗ್ಗಿಸಿದ. ‘ಬಲ್ಬೀನ, ಬೇಜಾರು ಮಾಡ್ಕೋಬೇಡ. ಒಂಟಿ ಹೆಂಗಸು, ಹೋಟೆಲಿನದ್ದು ಬಿಟ್ಟು ಮೂರು ಮನೆಯಷ್ಟು ನೀರು! ಹಿಂದೆ ಹಂಗೆ, ಈಗ ಟ್ಯಾಂಕರಿನದ್ದೂ ಹಂಗೇ. ಸೋಮವಾರದಿಂದ ಹೋಟೆಲಿನ ಹೆಚ್ಚುವರಿ ಬಂದ್. ಬಾಗಿಲ ಮೇಲೆ ಎಷ್ಟಿದೆಯೋ ಅಷ್ಟೇ.’

‘ಒಂದು ತಲೆ ನೀರಲ್ಲಿ ಹೋಟೆಲು ನಡೆಸೋದು ಹೆಂಗೆ ಮಾರಾಯ? ನಿನ್ನ ಭಾಷಣದಲ್ಲಿ ಬ್ರೆಡ್ಡು ನೆನೆಸ್ಲಾ?’

‘ನಿಯಮ ಎಲ್ಲರಿಗೂ ಒಂದೇ. ತಲೆ ಜಾಸ್ತಿ ಇದ್ದಿದ್ರೆ ಮಾತು ಬೇರೆ,’ ಎಂದು ಅವನು ಟೋಪಿ ಹಾಕಿಕೊಂಡು ನಡೆದ.

ಕೇಳಬಹುದು, ಆಗಲೇ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು. ಇವನು ಇಲ್ಲೇ ತಿನ್ನುತ್ತಾನೆ, ಇಲ್ಲೇ ಮೀಯುತ್ತಾನೆ, ಎರಡು ತಲೆ ಲೆಕ್ಕ ಹಾಕು ಎಂದು. ಹೇಳಬಹುದಿತ್ತು. ಆದರೆ ನಾನು ಹೇಳಿದರೆ ಅದು ಚಾಡಿ, ಅವನು ಹೇಳಿದರೆ ಮಾತು. ಹದಿನೇಳು ವರ್ಷ ಕಾದದ್ದು ಚಾಡಿ ಹೇಳುವುದಕ್ಕಲ್ಲ. ಎಲ್ಲರೂ ಹೋದ ಮೇಲೆ ಅವನ ಮೇಜಿನ ಮುಂದೆ ಕೂತೆ.

‘ನೋಡು ಅನಕ್ಲೇತು. ಜುವೆನಾಲ್ ಕಟ್ಟಿದ ಹೋಟೆಲಿದು. ಸೋಮವಾರ ಒಲೆ ಆರುತ್ತೆ. ಭಾನುವಾರ ಆ ಕಟ್ಟೆ ಮೇಲೆ ನಿಂತಾಗ ಒಂದು ಮಾತು ಹೇಳು, ಸಾಕು. ಈ ಬಾಗಿಲಲ್ಲಿ ಎರಡು ತಲೆ ಅನ್ನು. ನೀನು ಹೇಳಿದ್ರೆ ಊರು ನಂಬುತ್ತೆ.’

ಅವನು ಲೋಟ ತಿರುಗಿಸಿದ. ಕಿಟಕಿ ನೋಡಿದ. ಕೊನೆಗೆ, ‘ನೋಡೋಣ,’ ಎಂದ.

ನಮ್ಮ ಊರಿನಲ್ಲಿ ಮಳೆ, ಸಾಲ, ಮದುವೆ ಎಲ್ಲಕ್ಕೂ ಇದೇ ಉತ್ತರ. ಆದರೂ ನಾನು ಮಂಕುದಿಣ್ಣೆ, ಅದನ್ನೇ ಹೌದು ಎಂದು ಹಿಡಿದುಕೊಂಡು ಭಾನುವಾರ ಒಳ್ಳೆಯ ಲಂಗ ಉಟ್ಟು ಚೌಕಕ್ಕೆ ಹೋದೆ.

ಪೊಲಿಕಾರ್ಪು ಬಿಸಿಲಲ್ಲಿ ಬೆವರು ಸುರಿಸುತ್ತ ಮಾತಾಡಿದ. ಹನಿ ಹನಿ ಸೇರಿದರೆ ಹಳ್ಳ ಅಂದ. ಕಾಡಿನ ಮರಗಳಿಂದ ಕಲಿಯಿರಿ ಅಂದ. ಡಾಕ್ಟರಮ್ಮನ ಹೆಸರೂ ಹೇಳಿದ, ಅವಳು ನನ್ನ ಪಕ್ಕದಲ್ಲಿ ನಿಂತು ಹಣೆ ಚಚ್ಚಿಕೊಂಡಳು. ಅನಕ್ಲೇತು ಕಟ್ಟೆ ಹತ್ತಿದ. ಅವನು ತೊಟ್ಟಿದ್ದ ಬಿಳಿ ಅಂಗಿಯನ್ನು ಹಿಂದಿನ ದಿನ ನನ್ನ ಪಾಲಿನ ನೀರಿನಲ್ಲಿ ನಾನೇ ಒಗೆದಿದ್ದೆ. ಹಿತ್ತಾಳೆಯ ಫಲಕ ಫಳಫಳ ಹೊಳೆಯುತ್ತಿತ್ತು.

‘ಈಗ ನಮ್ಮ ಅನಕ್ಲೇತು ಎರಡು ಮಾತು ಆಡಬೇಕು!’ ಎಂದ ಪೊಲಿಕಾರ್ಪು.

ಅನಕ್ಲೇತು ಫಲಕವನ್ನು ಬಗಲಿಗೆ ಸೇರಿಸಿಕೊಂಡ. ಅವನು ನನ್ನನ್ನು ನೋಡಿದ. ಬಾಯಿ ತೆರೆದ.

‘ಉಪಕಾರ,’ ಎಂದು ಇಳಿದುಬಿಟ್ಟ.

ಎರಡು ಮಾತು ಕೇಳಿದರೆ ಅದರಲ್ಲೂ ಒಂದು ಉಳಿಸಿದ! ಅಳು ಬಂತು ಅಂತ ಬೇರೆ ಹೇಳಬೇಕೇ? ಬಂತು. ಜನರ ಮುಂದೆ ಅಳಬಾರದೆಂದು ದಡದಡ ಹೋಟೆಲಿಗೆ ಬಂದು ಒಲೆ ಆರಿಸಿದೆ. ಸ್ವಲ್ಪ ಹೊತ್ತಿಗೆ ಅವನು ಬಗಲಲ್ಲಿ ಫಲಕ ಇಟ್ಟುಕೊಂಡು ಎಂದಿನಂತೆ ಊಟಕ್ಕೆ ಬಂದ. ನಾನು ಹೊಸ್ತಿಲಿಗೆ ಅಡ್ಡ ನಿಂತೆ.

‘ಏನು? ಊಟವಾ? ಕೊಡಲ್ಲ.’

ಅವನು ಕಣ್ಣು ಪಿಳಿಪಿಳಿ ಬಿಟ್ಟ. ಆ ಮಾತನ್ನು ಅವನು ಮರಗಳಿಂದ ಮಾತ್ರ ಕೇಳಿದ್ದ.

‘ನೀರೂ ಕೊಡಲ್ಲ, ಅಂಗಿಯೂ ಒಗೆಯಲ್ಲ. ಇವತ್ತಿಂದ ನಾನೂ ಗುಡ್ಡದ ಮರ. ನಾನು ಒಣಗಿದ್ದೀನಿ ಕಣೋ, ಎಳೀಬೇಡ, ಎಳೆದ್ರೆ ಹರಿದುಹೋಗ್ತೀನಿ. ಹೋಗು, ನಿನ್ನ ಫಲಕ ಬೇಯಿಸ್ಕೊಂಡು ತಿನ್ನು!’

ಬಾಗಿಲನ್ನು ಅವನ ಮೂಗಿನ ಮುಂದೆ ಮುಚ್ಚಿದೆ. ಆ ಇಡೀ ದಿನ ಮತ್ತೆ ತೆಗೆಯಲಿಲ್ಲ.

ಸೋಮವಾರ ಬೆಳಿಗ್ಗೆ ಟ್ಯಾಂಕರಿನ ಹಾರ್ನು ಕೇಳಿ ಕೆಳಗಿಳಿದೆ. ಎವರಿಸ್ತು ಆಗಲೇ ನನ್ನ ಬಾಗಿಲ ಬಳಿ ಕ್ಯಾನುಗಳನ್ನು ಇಳಿಸುತ್ತಿದ್ದ. ನಾನು ಅಂದುಕೊಂಡದ್ದಕ್ಕಿಂತ ದುಪ್ಪಟ್ಟು.

‘ಏಯ್, ತಪ್ಪಾಯ್ತು ಕಣಪ್ಪ. ನಂದು ಒಂದೇ ತಲೆ.’

‘ನಾನು ಬಾಗಿಲು ಓದೋನು ಅಕ್ಕ, ತಲೆ ಎಣಿಸೋನಲ್ಲ,’ ಅಂದ ಅವನು.

ತಿರುಗಿ ನೋಡಿದೆ. ಬಾಗಿಲ ಮೇಲಿನ ಒಂದರ ತಲೆ ಬಗ್ಗಿತ್ತು, ಬುಡಕ್ಕೆ ಒಂದು ಬಾಲ ಬಂದಿತ್ತು. ಹೊಸದಾಗಿ ಬರೆಯುವ ಬಣ್ಣವನ್ನೂ ಉಳಿಸಿ, ಇದ್ದ ಗೆರೆಗೇ ಎರಡೆಳೆ ಸೇರಿಸಿ ಎರಡು ಮಾಡಿದ್ದ. ಬಣ್ಣ ಇನ್ನೂ ಹಸಿಯಾಗಿತ್ತು.

ಬೆಂಚಿನ ಮುದುಕರು ಟೋಪಿ ಹಿಂದೆ ಸರಿಸಿ ನೋಡುತ್ತಿದ್ದರು. ನಮ್ಮ ಊರಿನವರಿಗೆ ಬಿಳಿ ಅಂಕಿ ಕಂಡರೆ ಮೊದಲು ಕಾಣುವುದೇ ಮರ. ತೊರ್ಕಾತು ಗಂಭೀರವಾಗಿ ಓದಿ ಹೇಳಿದ: ‘ಎರಡು. ಅಂದ್ರೆ ಈ ವರ್ಷ ಕೊಟ್ಟಾಯ್ತು. ಇನ್ನು ಒಂಬತ್ತು ವರ್ಷ ಬಲ್ಬೀನಕ್ಕನ್ನ ಬೇರೆ ಯಾರೂ ಮುಟ್ಟೋ ಹಾಗಿಲ್ಲ ಕಣ್ರಯ್ಯಾ. ಕಾನೂನು!’

ಚೌಕವೆಲ್ಲ ಗೊಳ್ಳೆಂದಿತು. ‘ನಿನ್ನ ಕತ್ತರಿ ಮುರಿಯ!’ ಎಂದು ನಾನು ಪೊರಕೆ ಎತ್ತಿದೆ. ಮುಖ ಕೆಂಪಾಗಿತ್ತು, ಅದು ನನಗೇ ಗೊತ್ತಾಗುತ್ತಿತ್ತು.

ಪೊಲಿಕಾರ್ಪು ಏದುಸಿರು ಬಿಡುತ್ತ ಓಡಿಬಂದ. ‘ಇದೇನಿದು? ಇಲ್ಲಿ ಎರಡು, ಅವನ ಮನೇಲಿ ಒಂದು, ಒಟ್ಟು ಊರಿನ ಲೆಕ್ಕದಲ್ಲಿ ಒಂದು ತಲೆ ಜಾಸ್ತಿ!’

‘ಅವನ ಬಾಗಿಲೂ ನೋಡ್ಕೊಂಡು ಬಂದೆ ಅಧ್ಯಕ್ಷರೇ,’ ಎಂದ ಎವರಿಸ್ತು. ‘ಅಲ್ಲಿ ಸುಣ್ಣ ಬಳಿದಿದ್ದಾನೆ. ಅಂಕಿನೇ ಇಲ್ಲ.’

‘ಅಂದ್ರೆ ಅವನು ನೀರು ಉಳಿಸಿದ್ದು...’ ಪೊಲಿಕಾರ್ಪು ಅರ್ಧಕ್ಕೆ ನಿಂತ. ನನ್ನ ಕಡೆ ನೋಡಿದ. ಅಂಗಳದಲ್ಲಿ ಹಸಿರಾಗಿ ನಿಂತಿದ್ದ ಮರದ ಕಡೆ ನೋಡಿದ. ಮಹಡಿಯ ಕಿಟಕಿಯಿಂದ ಬೆನೆದೀತ ಬಗ್ಗಿ, ‘ಮೊನ್ನೆ ಹೇಳಿದ ಉಳಿದರ್ಧ ಈಗ ಕೇಳಿಸ್ತಾ ಅಧ್ಯಕ್ಷರೇ?’ ಎಂದು ಕೂಗಿದಳು. ಅವನು ಫಲಕ ಎಲ್ಲಿ, ವಾಪಸ್ಸು ಬೇಕು ಎಂದು ಗೊಣಗುತ್ತ ಹೋದ.

ಫಲಕ ಎಲ್ಲಿತ್ತು ಎಂದು ನನಗೆ ಆಮೇಲೆ ತಿಳಿಯಿತು. ಅಡುಗೆಮನೆಗೆ ಹೋದರೆ ಅನಕ್ಲೇತು ಹಿಂಬಾಗಿಲಿನಿಂದ ಬಂದು, ಎವರಿಸ್ತು ಒಳಗೆ ತಂದಿಟ್ಟಿದ್ದ ಕ್ಯಾನುಗಳ ನೀರನ್ನು ಹಂಡೆಗೆ ಸುರಿಯುತ್ತಿದ್ದ. ಸುರಿದಾದ ಮೇಲೆ ಹಂಡೆಯ ಬಾಯಿಗೆ ಫಲಕವನ್ನು ಮುಚ್ಚಿದ. ಅಳತೆ ಸರಿಯಾಗಿಯೇ ಕೂತಿತು. ಅವನ ಬೆರಳುಗಳಲ್ಲಿ ಬಿಳಿ ಬಣ್ಣ, ಕೆನ್ನೆಯ ಮೇಲೂ ಒಂದು ಗೆರೆ. ಒಲೆ ಹಚ್ಚಿಯಾಗಿತ್ತು. ಅದನ್ನೂ ಅವನೇ ಹಚ್ಚಿದ್ದ.

ನಾನು ಸೊಂಟಕ್ಕೆ ಕೈಯಿಟ್ಟು ನಿಂತೆ. ಇಷ್ಟಕ್ಕೇ ಕರಗಿದರೆ ನಾನೆಂಥ ಬಲ್ಬೀನ? ‘ಬಾಗಿಲ ಮೇಲೆ ಬರೆದಿದ್ದೀಯಲ್ಲ, ಅದು ತಲೆ ಲೆಕ್ಕವೋ, ಇಲ್ಲ ತೊರ್ಕಾತು ಹೇಳಿದ ಹಾಗೆ ಮರದ ಲೆಕ್ಕವೋ? ಇವತ್ತು ಬಾಯಿಬಿಟ್ಟು ಹೇಳದೆ ಒಂದು ತುತ್ತೂ ಹಾಕಲ್ಲ.’

ಅವನು ಹಂಡೆಯಿಂದ ಒಂದು ಲೋಟ ತುಂಬ ನೀರು ಮೊಗೆದು, ಒಂದು ಹನಿ ಬಿಡದೆ ಕುಡಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

‘ಎರಡೂ,’ ಎಂದ.

ಜಿಪುಣ! ಹದಿನೇಳು ವರ್ಷಕ್ಕೆ ಒಂದು ಮಾತು, ಅದರಲ್ಲೂ ಎರಡು ಕೆಲಸ ಮಾಡಿಸಿಕೊಂಡ. ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಬ್ರೆಡ್ಡು ಮುರಿದು, ಬೆಳ್ಳುಳ್ಳಿ ಜಜ್ಜಿ, ಕುದಿಯುವ ನೀರನ್ನು ಧಾರಾಳವಾಗಿ ಸುರಿದೆ. ದಿನಾ ಅವನ ಬಟ್ಟಲಿಗೆ ಒಂದೇ ಮೊಟ್ಟೆ ಹಾಕುತ್ತಿದ್ದೆ. ಆವತ್ತು ಎರಡು ಒಡೆದು ಹಾಕಿದೆ.